ಒಬ್ಬರೇ ಹೊರಟಾಗ ಬ್ಯಾಗಿನ ಲೆಕ್ಕ

ನಮ್ಮ ಕಾಲೇಜಿಗೆ ವಿಜಯಪುರ ನಗರದವರಷ್ಟೇ ಅಲ್ಲ, ತಿಕೋಟಾ ಮತ್ತು ಬಬಲೇಶ್ವರ ಕಡೆಯಿಂದ ದಿನಾಲೂ ಬಸ್ಸಿನಲ್ಲಿ ಬರುವವರೂ ಬಹಳ ಜನ ಇದ್ದೇವೆ. ನಾನು ತಿಕೋಟಾದವಳು. ದ್ವಿತೀಯ ಪಿಯುಸಿ ಮುಗಿದ ಮೇಲೆ ನಮ್ಮಲ್ಲಿ ಹಲವರು ಇನ್ನೂ ದೂರ ಹೋಗುತ್ತೇವೆ. ಕೆಲವರು ಧಾರವಾಡಕ್ಕೆ, ಕೆಲವರು ಬೆಂಗಳೂರಿಗೆ, ಕೆಲವರು ಗೋಲಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಮೈಸೂರಿಗೆ. ಪರೀಕ್ಷೆ, ಕೌನ್ಸೆಲಿಂಗ್, ಕೋಚಿಂಗ್, ಕೆಲಸದ ಸಂದರ್ಶನ ಹೀಗೆ ಕಾರಣ ಯಾವುದೇ ಇರಲಿ, ಬೆನ್ನಿಗೊಂದು ಬ್ಯಾಗ್ ಹಾಕಿಕೊಂಡು ಒಬ್ಬರೇ ಹೊರಡುವ ದಿನ ಬರುತ್ತದೆ.

ಆ ಬ್ಯಾಗಿನಲ್ಲಿ ಏನಿರುತ್ತದೆ ಎಂದು ಯೋಚಿಸಿ. ಮನೆಯವರು ಕೂಡಿಟ್ಟು ಕೊಡಿಸಿದ ಮೊಬೈಲ್, ಶುಲ್ಕದ ಹಣ, ಆಧಾರ್ ಕಾರ್ಡ್, ಹಾಲ್ ಟಿಕೆಟ್, ವರ್ಷವಿಡೀ ಬರೆದ ನೋಟ್ಸ್. ಅಂಗಡಿಯ ಸರಕಿಗೆ ದಾಸ್ತಾನು ಪುಸ್ತಕ ಇಡುವುದನ್ನು ನಾವು ಲೆಕ್ಕಶಾಸ್ತ್ರದಲ್ಲಿ ಕಲಿಯುತ್ತೇವೆ. ನಮ್ಮದೇ ಬ್ಯಾಗಿಗೆ ಮಾತ್ರ ಯಾವ ಲೆಕ್ಕವೂ ಇರುವುದಿಲ್ಲ. ವಾಣಿಜ್ಯ ವಿಭಾಗದಲ್ಲಿ ಕಲಿತದ್ದನ್ನೇ ಈ ಬ್ಯಾಗಿಗೆ ಹಚ್ಚಿ ನೋಡಿದರೆ ಹೇಗೆ ಎಂದು ಈ ಪಾಠ ಬರೆಯುತ್ತಿದ್ದೇನೆ. ವಿಜ್ಞಾನ ಮತ್ತು ಕಲಾ ವಿಭಾಗದವರಿಗೂ ಇದು ಅಷ್ಟೇ ಬೇಕಾಗುತ್ತದೆ.

ಒಬ್ಬರೇ ಎಂದರೆ ಏನು ಬದಲಾಗುತ್ತದೆ?

ಒಂದು ಸಂಸ್ಥೆಯಲ್ಲಿ ನಗದು ಪಡೆಯುವವನು ಒಬ್ಬ, ಲೆಕ್ಕ ಬರೆಯುವವನು ಇನ್ನೊಬ್ಬ ಇರುತ್ತಾರೆ. ಒಬ್ಬರ ಕೆಲಸವನ್ನು ಇನ್ನೊಬ್ಬರ ಕಣ್ಣು ತಾನಾಗಿಯೇ ನೋಡುವಂತೆ ಕೆಲಸ ಹಂಚುವ ಈ ಕ್ರಮಕ್ಕೆ ಆಂತರಿಕ ತಡೆ ಎನ್ನುತ್ತೇವೆ. ಇಬ್ಬರು ಕೂಡಿ ಪ್ರಯಾಣ ಮಾಡುವಾಗಲೂ ಇದೇ ನಡೆಯುತ್ತದೆ. ಒಬ್ಬರು ನೀರು ತರಲು ಹೋದರೆ ಇನ್ನೊಬ್ಬರು ಸಾಮಾನು ಕಾಯುತ್ತಾರೆ. ಒಬ್ಬರು ಮಲಗಿದರೆ ಇನ್ನೊಬ್ಬರು ಎಚ್ಚರ ಇರುತ್ತಾರೆ.

ಒಬ್ಬರೇ ಹೋದಾಗ ಈ ಎರಡನೇ ಜೋಡಿ ಕಣ್ಣು ಇರುವುದಿಲ್ಲ. ಕಳ್ಳನಿಗೆ ಬೇಕಾಗುವ ಹೊತ್ತು ಮೂರೇ: ನಮ್ಮ ಎರಡೂ ಕೈ ಕೆಲಸದಲ್ಲಿರುವಾಗ, ನಮ್ಮ ಕಣ್ಣು ಬೇರೆ ಕಡೆ ಇರುವಾಗ, ನಾವು ನಿದ್ದೆಯಲ್ಲಿರುವಾಗ. ಇಡೀ ದಿನ ಹೆದರಿಕೊಂಡು ಕೂರುವುದು ಬೇಕಾಗಿಲ್ಲ. ಈ ಮೂರು ಹೊತ್ತಿಗೆ ಮೊದಲೇ ವ್ಯವಸ್ಥೆ ಮಾಡಿಕೊಂಡರೆ ಸಾಕು.

ಆರುನೂರ ಎಂಬತ್ತು ವರ್ಷಗಳ ಹಿಂದಿನ ಒಂದು ಕಳವು

ಒಬ್ಬರೇ ಹೊರಟವರ ಮಾತು ಬಂದರೆ ಇಬ್ನ್ ಬತೂತಾ ಅವರನ್ನು ನೆನೆಯಬೇಕು. ಮೊರೊಕ್ಕೊದ ಟಾಂಜಿಯರ್ ಊರಿನಿಂದ 1325ರಲ್ಲಿ, 21ನೇ ವಯಸ್ಸಿನಲ್ಲಿ, ಜೊತೆಗಾರರಿಲ್ಲದೆ ಹಜ್ ಯಾತ್ರೆಗೆಂದು ಹೊರಟವರು ಮುಂದೆ ದೆಹಲಿಗೆ ಬಂದು ಮುಹಮ್ಮದ್ ಬಿನ್ ತುಘಲಕ್ ಬಳಿ ಕೆಲಸಕ್ಕಿದ್ದರು. ಸುಲ್ತಾನ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ. ಆ ದಾರಿಯಲ್ಲಿ, 1340ರ ದಶಕದಲ್ಲಿ, ಅವರು ಎರಡು ಸಲ ಎಲ್ಲವನ್ನೂ ಕಳೆದುಕೊಂಡರು.

ಮೊದಲನೆಯದು ಕಲ್ಲಿಕೋಟೆಯಲ್ಲಿ. ಸಾಮಾನು ಹಡಗಿಗೆ ಏರಿತ್ತು. ಇವರು ಶುಕ್ರವಾರದ ನಮಾಜಿಗೆಂದು ದಡದಲ್ಲಿ ಉಳಿದರು. ಬಿರುಗಾಳಿ ಎದ್ದಿತು. ಒಂದು ಹಡಗು ಒಡೆಯಿತು, ಇವರ ಸಾಮಾನಿದ್ದ ಹಡಗು ಇವರನ್ನು ಬಿಟ್ಟು ಹೊರಟೇ ಹೋಯಿತು. ಕೈಯಲ್ಲಿ ಉಳಿದದ್ದು ಹತ್ತು ದೀನಾರ್ ಮತ್ತು ಮಲಗುವ ಹಾಸು.

ಎರಡನೆಯದು ನಮ್ಮ ಕರ್ನಾಟಕದ ಕರಾವಳಿಯಲ್ಲೇ ಆದದ್ದು. ಕೊಲ್ಲಂ ಕಡೆಯಿಂದ ಹೊನ್ನಾವರಕ್ಕೆ ಬರುವಾಗ ಬಾರ್ಕೂರು ಮತ್ತು ಹೊನ್ನಾವರದ ನಡುವಿನ ಸಣ್ಣ ದ್ವೀಪವೊಂದರ ಹತ್ತಿರ ಕಡಲುಗಳ್ಳರ ಹನ್ನೆರಡು ಹಡಗುಗಳು ಮುತ್ತಿದವು. ಆಪತ್ತಿಗೆಂದು ಕೂಡಿಟ್ಟದ್ದು, ಸಿಂಹಳದ ರಾಜ ಕೊಟ್ಟ ಹರಳುಗಳು, ಬಟ್ಟೆ, ದಾರಿಯ ಬುತ್ತಿ ಎಲ್ಲವೂ ಹೋಯಿತು. ಉಟ್ಟ ಪಾಯಜಾಮ ಒಂದೇ ಉಳಿಯಿತು. ಬುಖಾರಾದಲ್ಲಿ ವಿದ್ವಾಂಸರ ಗೋರಿಗಳ ಮೇಲಿನ ಬರಹಗಳನ್ನು ಅವರು ನಕಲು ಮಾಡಿಕೊಂಡಿದ್ದರು. ಆ ಟಿಪ್ಪಣಿಗಳೂ ಕಡಲುಗಳ್ಳರ ಪಾಲಾದವೆಂದು ಅವರೇ ಹೇಳಿದ್ದಾರೆ. ಕಲ್ಲಿಕೋಟೆಗೆ ಮರಳಿ ಮಸೀದಿಯೊಂದರಲ್ಲಿ ಇಳಿದುಕೊಂಡಾಗ ಒಬ್ಬ ವಿದ್ವಾಂಸರು ಉಡಲು ಬಟ್ಟೆ ಕಳಿಸಿದರು, ಖಾಜಿ ಸಾಹೇಬರು ಪೇಟ ಕಳಿಸಿದರು, ಒಬ್ಬ ವ್ಯಾಪಾರಿ ಇನ್ನೊಂದು ಉಡುಪು ಕೊಟ್ಟರು. ಪ್ರಯಾಣ ಮುಂದುವರಿಯಿತು. ಅವರ ಪ್ರವಾಸ ಗ್ರಂಥ 1355ರಲ್ಲಿ ಫೆಜ್ ನಗರದಲ್ಲಿ, ಬಹುಪಾಲು ನೆನಪಿನಿಂದಲೇ ಹೇಳಿ ಬರೆಯಿಸಿದ್ದು.

ಇದರಲ್ಲಿ ನಮಗೆ ಮೂರು ಪಾಠ ಇವೆ. ನಾವೊಂದು ಕಡೆ, ಸಾಮಾನೊಂದು ಕಡೆ ಆದರೆ ಅಪಾಯ. ಆಪತ್ಕಾಲದ ಹಣವನ್ನೂ ಉಳಿದದ್ದರ ಜೊತೆಗೇ ಇಟ್ಟರೆ ಅದು ಆಪತ್ಕಾಲಕ್ಕೆ ಸಿಗುವುದಿಲ್ಲ. ಒಂದೇ ಪ್ರತಿ ಇರುವ ಬರಹ ಹೋದರೆ ಹರಳಿಗಿಂತ ದೊಡ್ಡ ನಷ್ಟ, ಏಕೆಂದರೆ ಅದನ್ನು ಯಾರೂ ಮತ್ತೆ ಕೊಡಲಾರರು.

ನಷ್ಟಭಯವನ್ನು ಎದುರಿಸುವ ನಾಲ್ಕು ದಾರಿ

ವ್ಯವಹಾರದಲ್ಲಿ ನಷ್ಟಭಯವನ್ನು ನಾಲ್ಕು ರೀತಿ ಎದುರಿಸಬಹುದು: ತಪ್ಪಿಸುವುದು, ಹಂಚುವುದು, ತಗ್ಗಿಸುವುದು, ಬೇರೆಯವರಿಗೆ ವರ್ಗಾಯಿಸುವುದು. ಒಂದೊಂದಾಗಿ ನೋಡೋಣ.

1. ತಪ್ಪಿಸುವುದು: ಒಯ್ಯದ ವಸ್ತು ಕಳವಾಗುವುದಿಲ್ಲ

ಹತ್ತನೆಯ ತರಗತಿಯ ಮೂಲ ಅಂಕಪಟ್ಟಿಯನ್ನು ಕೇಳಿದ ದಿನ ಮಾತ್ರ ಒಯ್ಯಬೇಕು. ಉಳಿದ ದಿನ ನಕಲು ಪ್ರತಿ ಸಾಕು. 2015ರಿಂದ ಕೇಂದ್ರ ಸರ್ಕಾರದ ಡಿಜಿಲಾಕರ್ ಇದೆ. ಅದರಲ್ಲಿ ಆಧಾರ್, ಅಂಕಪಟ್ಟಿ ಇಟ್ಟುಕೊಳ್ಳಬಹುದು. ಮೊಬೈಲ್ ಹೋದರೂ ಅದೇ ನಂಬರಿನ ಹೊಸ ಸಿಮ್ ಪಡೆದು ಬೇರೆ ಮೊಬೈಲಿನಿಂದ ತೆರೆಯಬಹುದು. ಬಂಗಾರದ ಓಲೆ, ಸರ ಪ್ರಯಾಣಕ್ಕೆ ಬೇಡ. ಮದುವೆಗೆ ಹೊರಟಿದ್ದರೆ ದೊಡ್ಡವರ ಜೊತೆ ಹೋಗಲಿ.

ಬ್ಯಾಗಿನ ಗಾತ್ರವೂ ಇಲ್ಲೇ ಬರುತ್ತದೆ. ಒಬ್ಬರೇ ಪ್ರಯಾಣ ಮಾಡುವವರ ದೊಡ್ಡ ತೊಡಕು ಶೌಚಾಲಯ. ಬ್ಯಾಗನ್ನು ಯಾರಿಗೆ ಬಿಟ್ಟು ಹೋಗುವುದು? ಉತ್ತರ ಸರಳ: ಜೊತೆಗೇ ಒಳಗೆ ಎತ್ತಿಕೊಂಡು ಹೋಗುವಷ್ಟೇ ಸಾಮಾನು ಇರಬೇಕು. ಬೆನ್ನಿಗೆ ಒಂದು ಬ್ಯಾಗ್, ಅಷ್ಟೇ. ಎರಡು ಕೈಚೀಲ, ಒಂದು ಡಬ್ಬಿ, ಒಂದು ಬಾಟಲಿ ಬೇರೆ ಬೇರೆ ಹಿಡಿದರೆ ಎಣಿಸುವುದರಲ್ಲೇ ಮನಸ್ಸು ಇರುತ್ತದೆ.

2. ಹಂಚುವುದು: ಚಂಚಿಯಿಂದ ಕಲಿಯುವ ಪಾಠ

ನಮ್ಮ ಭಾಗದ ಹಿರಿಯ ರೈತರ ಬಳಿ ಚಂಚಿ ನೋಡಿದ್ದೀರಿ. ಎಲೆ ಒಂದು ಮನೆಯಲ್ಲಿ, ಅಡಿಕೆ ಒಂದರಲ್ಲಿ, ತಂಬಾಕು ಒಂದರಲ್ಲಿ, ಎಲ್ಲಕ್ಕಿಂತ ಒಳಗಿನ ಮನೆಯಲ್ಲಿ ದುಡ್ಡು. ಮಂದಿಯ ಮುಂದೆ ಎಲೆ ಅಡಿಕೆ ತೆಗೆದರೂ ದುಡ್ಡು ಕಾಣುವುದಿಲ್ಲ. ಸೊಂಟಕ್ಕೆ ಸುತ್ತಿಕೊಳ್ಳುವ ಉದ್ದನೆಯ ಹಣದ ಚೀಲಕ್ಕೆ ಕನ್ನಡದಲ್ಲಿ ಹಮ್ಮೀಣಿ ಎನ್ನುತ್ತಾರೆ. ನಮ್ಮ ಮನೆಯಲ್ಲಿ ದಾದಾ ಅದನ್ನು ಹಮ್ಯಾನಿ ಅನ್ನುತ್ತಿದ್ದರು. ಎರಡೂ ಒಂದೇ ಪದ, ಪಾರಸಿಯ ಹಮ್ಯಾನ್‌ನಿಂದ ಬಂದದ್ದು. ಹಜ್‌ಗೆ ಹೋದ ಗಂಡಸರು ಇಹ್ರಾಮಿನಲ್ಲಿ ಹೊಲಿದ ಉಡುಪು ತೊಡುವಂತಿಲ್ಲ, ಆದರೆ ಹಣ ಇಡುವ ಸೊಂಟಪಟ್ಟಿ ಕಟ್ಟಿಕೊಳ್ಳಲು ಅನುಮತಿ ಇದೆ. ಪರದೇಶದಲ್ಲಿ ಯಾತ್ರಿಕನ ದುಡ್ಡು ಹೋದರೆ ಅವನ ಗತಿ ಏನು ಎಂಬುದನ್ನು ಹಿಂದಿನವರು ಬಲ್ಲವರಾಗಿದ್ದರು.

ಇದನ್ನು ನಾವು ಮೂರು ಭಾಗ ಮಾಡಿಕೊಳ್ಳಬಹುದು.

ಮೊದಲನೆಯದು ಚಿಲ್ಲರೆ ನಗದು. ಲೆಕ್ಕಶಾಸ್ತ್ರದ ಇಂಪ್ರೆಸ್ಟ್ ಪದ್ಧತಿ ನೆನಪಿಸಿಕೊಳ್ಳಿ. ಚಿಲ್ಲರೆ ನಗದು ಗುಮಾಸ್ತನಿಗೆ ಒಂದು ಗೊತ್ತಾದ ಮೊತ್ತ ಕೊಡುತ್ತಾರೆ, ಖರ್ಚಾದಷ್ಟನ್ನು ಮತ್ತೆ ತುಂಬುತ್ತಾರೆ. ಹಾಗೆಯೇ ಆ ದಿನದ ಟಿಕೆಟ್, ಚಹಾ, ಆಟೋಗೆ ಬೇಕಾದಷ್ಟನ್ನು ಮಾತ್ರ ಕೈಗೆ ಸಿಗುವ ಸಣ್ಣ ಪರ್ಸಿನಲ್ಲಿ ಇಡಬೇಕು. ಕಂಡಕ್ಟರ್ ಮುಂದೆ ತೆರೆಯುವುದು ಇದನ್ನೇ. ಇದು ಹೋದರೆ ಆ ದಿನದ ಚಹಾ ಹೋಯಿತು, ಅಷ್ಟೇ.

ಎರಡನೆಯದು ಮುಖ್ಯ ಹಣ ಮತ್ತು ಗುರುತಿನ ಚೀಟಿ. ಇವು ಮೈಮೇಲೆ ಇರಬೇಕು, ಬ್ಯಾಗಿನಲ್ಲಿ ಅಲ್ಲ. ನನ್ನ ಅಮ್ಮಿ ನನ್ನ ಬುರ್ಖಾದ ಒಳಗಡೆ, ಎಡಗೈ ಬದಿಗೆ, ಒಂದು ಕಿಸೆ ಹೊಲಿದು ಬಾಯಿಗೆ ಜಿಪ್ ಹಚ್ಚಿಕೊಟ್ಟಿದ್ದಾರೆ. ಹೊರಗಿನಿಂದ ಕಾಣುವುದಿಲ್ಲ, ಮೊಣಕೈ ಒತ್ತಿದರೆ ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಹುಡುಗರು ಪ್ಯಾಂಟಿನ ಒಳಕಿಸೆ ಹೊಲಿಸಿಕೊಳ್ಳಬಹುದು. ಹಿಂದಿನ ಕಿಸೆಯಂತೂ ಯಾವ ಕಾರಣಕ್ಕೂ ಬೇಡ. ದಾರಿಯಲ್ಲಿ ಈ ಕಿಸೆಯನ್ನು ಮಂದಿಯ ಎದುರು ತೆರೆಯಬಾರದು. ಉಚಿತ ಟಿಕೆಟಿಗಾಗಿ ಗುರುತಿನ ಚೀಟಿ ತೋರಿಸಬೇಕಾದ ಹುಡುಗಿಯರು ಬಸ್ ಹತ್ತುವ ಮೊದಲೇ ಅದನ್ನು ಸಣ್ಣ ಪರ್ಸಿಗೆ ತೆಗೆದುಕೊಂಡು, ಟಿಕೆಟ್ ಆದ ಮೇಲೆ ಮರಳಿ ಇಡುವುದು ಒಳ್ಳೆಯದು.

ಮೂರನೆಯದು ಮನೆಗೆ ಮರಳುವ ಹಣ. ಒಂದು ನೋಟು, ಎರಡು ಫೋನ್ ನಂಬರ್ ಬರೆದ ಚೀಟಿ, ಇವನ್ನು ಮಡಚಿ ನೋಟ್‌ಬುಕ್ಕಿನ ರಟ್ಟಿನ ಒಳಗೋ ಬೂಟಿನ ಒಳಹಾಸಿನ ಕೆಳಗೋ ಇಡಬೇಕು. ಮೊಬೈಲ್ ಬಂದ ಮೇಲೆ ನಮಗೆ ಅಬ್ಬಾನ ನಂಬರ್ ಕೂಡ ಬಾಯಿಪಾಠ ಇರುವುದಿಲ್ಲ. ಮೊಬೈಲೇ ಹೋದ ದಿನ ಯಾರಿಗೆ ಫೋನ್ ಮಾಡುವುದು? ಎರಡು ನಂಬರ್ ಇವತ್ತೇ ಬಾಯಿಪಾಠ ಮಾಡಿ.

ನೋಟ್ಸ್‌ಗೂ ಇದೇ ನಿಯಮ. ವಾರಕ್ಕೊಮ್ಮೆ ಪುಟಗಳ ಫೋಟೊ ತೆಗೆದು ಮನೆಯವರ ಮೊಬೈಲಿಗೆ ಕಳಿಸಿದರೆ ಬುಖಾರಾದ ಟಿಪ್ಪಣಿಗಳ ಗತಿ ಆಗುವುದಿಲ್ಲ.

3. ತಗ್ಗಿಸುವುದು: ಎಲ್ಲಿ, ಯಾವಾಗ ಎಚ್ಚರ

ಬಸ್ ಹತ್ತುವಾಗ: ಸಂಜೆ ಕೇಂದ್ರ ಬಸ್ ನಿಲ್ದಾಣದಲ್ಲಿ ತಿಕೋಟಾ, ಬಬಲೇಶ್ವರ ಬಸ್ ಬಂದು ನಿಂತರೆ ಏನಾಗುತ್ತದೆ ಎಂದು ನಮಗೆ ಗೊತ್ತು. ಬಾಗಿಲ ಹತ್ತಿರ ನೂಕಾಟ. ಎರಡೂ ಕೈ ಕಂಬಿಗೆ, ಕಣ್ಣು ಸೀಟಿಗೆ, ಬ್ಯಾಗ್ ಬೆನ್ನಿಗೆ. ಕಿಸೆಗಳ್ಳನಿಗೆ ಇದಕ್ಕಿಂತ ಒಳ್ಳೆಯ ಸಮಯ ಇಲ್ಲ. ಹತ್ತುವ ಮೊದಲು ಬ್ಯಾಗನ್ನು ಎದೆಯ ಕಡೆಗೆ ತಂದುಕೊಳ್ಳಬೇಕು. ಮೊಬೈಲ್ ಹೊರಗಿನ ಖಾನೆಯಲ್ಲಿ ಇರಬಾರದು.

ಸೀಟು ಹಿಡಿಯಲು ಕಿಟಕಿಯಿಂದ ಬ್ಯಾಗ್ ಒಗೆಯುವ ರೂಢಿ ನಮ್ಮಲ್ಲಿದೆ. ನಾವು ಬಾಗಿಲಿನಿಂದ ಒಳಗೆ ಬಂದು ತಲುಪುವವರೆಗೆ ಆ ಬ್ಯಾಗಿಗೆ ಯಾರೂ ಧಣಿ ಇಲ್ಲ. ಒಗೆಯಲೇಬೇಕಿದ್ದರೆ ಕರವಸ್ತ್ರ ಒಗೆಯಿರಿ. ಸೀಟು ಸಿಗದಿದ್ದರೆ ನಿಂತು ಹೋಗೋಣ. ತಿಕೋಟಾ, ಬಬಲೇಶ್ವರ ಎರಡೂ ಮೂವತ್ತು ಕಿಲೋಮೀಟರ್ ಒಳಗೇ ಇವೆ.

ಗದ್ದಲದಲ್ಲಿ: ಸಂಕ್ರಾಂತಿಯ ಸಿದ್ಧೇಶ್ವರ ಜಾತ್ರೆ ಇರಲಿ, ಹಾಶಿಂಪೀರ್ ದರ್ಗಾದ ಉರುಸ್ ಇರಲಿ, ಹಬ್ಬದ ಮುಂಚಿನ ಪೇಟೆ ಇರಲಿ, ಕಳ್ಳನಿಗೆ ಎಲ್ಲ ಗದ್ದಲವೂ ಒಂದೇ. ಕಿಸೆಗಳ್ಳರಿದ್ದಾರೆ ಎಚ್ಚರಿಕೆ ಎಂಬ ಫಲಕ ಕಂಡ ಕೂಡಲೇ ಎಲ್ಲರೂ ತಮ್ಮ ದುಡ್ಡಿನ ಕಿಸೆ ಮುಟ್ಟಿ ನೋಡಿಕೊಳ್ಳುತ್ತಾರೆ. ನೋಡುತ್ತ ನಿಂತವನಿಗೆ ದುಡ್ಡು ಎಲ್ಲಿದೆ ಎಂದು ಅದೇ ತೋರಿಸಿಕೊಡುತ್ತದೆ. ಮೊಣಕೈಯಿಂದ ಒತ್ತಿ ನೋಡಿಕೊಂಡರೆ ಸಾಕು, ಕೈ ಹಾಕಬೇಡಿ.

ಮಸೀದಿಯಲ್ಲಿ: ವುಜೂ ಮಾಡುವಾಗ ಕಟ್ಟೆಯ ಮೇಲೆ ವಾಚು, ಮೊಬೈಲ್ ಇಟ್ಟು ಮರೆಯುವವರು ಬಹಳ. ಬಿಚ್ಚಿದ್ದನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದು ಆಮೇಲೆ ನಲ್ಲಿ ತಿರುಗಿಸಿ. ನಮಾಜಿನಲ್ಲಿ ಬ್ಯಾಗ್ ಹಿಂದೆ ಗೋಡೆಗೆ ಬೇಡ, ಸಜ್ದಾದ ಜಾಗದ ಮುಂದೆ ಇರಲಿ. ಹಾಗಿದ್ದರೆ ಮನಸ್ಸೂ ನಮಾಜಿನಲ್ಲಿ ಇರುತ್ತದೆ.

ರೈಲಿನಲ್ಲಿ: ಕೆಳಗಿನ ಬರ್ತಿನ ಅಡಿಯಲ್ಲಿ ಕಬ್ಬಿಣದ ಉಂಗುರಗಳಿರುತ್ತವೆ, ಸಾಮಾನಿಗೆ ಸರಪಳಿ ಹಾಕಲೆಂದೇ. ಒಂದು ಸಣ್ಣ ಸರಪಳಿ ಮತ್ತು ಬೀಗ ಒಯ್ಯಿರಿ. ಬೀಗವನ್ನು ಯಾರೂ ಒಡೆಯಲಾರರು ಎಂದಲ್ಲ. ಕಳ್ಳನಿಗೆ ಸಮಯ ಕಡಿಮೆ, ಸದ್ದಾಗುವ ಬ್ಯಾಗ್ ಬಿಟ್ಟು ಅವನು ಮುಂದೆ ಹೋಗುತ್ತಾನೆ. ಕೈಬ್ಯಾಗ್ ಇದ್ದರೆ ತಲೆದಿಂಬು ಮಾಡಿ ಅದರ ಪಟ್ಟಿಯನ್ನು ತೋಳಿಗೆ ಸುತ್ತಿಕೊಳ್ಳಿ. ಗಾಡಿ ನಿಧಾನವಾಗಿ ಹೊರಡುವಾಗ ಕಿಟಕಿ ಅಥವಾ ಬಾಗಿಲ ಬಳಿ ನಿಂತು ಮೊಬೈಲಿನಲ್ಲಿ ಮಾತಾಡಬೇಡಿ. ಚಾರ್ಜಿಂಗ್ ಪಾಯಿಂಟಿನಲ್ಲಿ ಮೊಬೈಲ್ ಬಿಟ್ಟು ಮಲಗಬೇಡಿ. ಗುರುತಿಲ್ಲದವರು ಬಹಳ ಒತ್ತಾಯ ಮಾಡಿ ಕೊಡುವ ಚಹಾ, ಬಿಸ್ಕತ್ತು ಬೇಡ. “ರೋಜಾ ಅದ ರೀ” ಎಂದೋ “ಈಗ ಊಟಾ ಆಗೇದ್ರಿ” ಎಂದೋ ಮರ್ಯಾದೆಯಿಂದ ಹೇಳಬಹುದು.

ರಾತ್ರಿ ಬಸ್ಸಿನಲ್ಲಿ: ಡಿಕ್ಕಿಯಲ್ಲಿ ಹಾಕಿದ ಬ್ಯಾಗಿಗೆ ಗುರುತಿನ ಬಟ್ಟೆ ಕಟ್ಟಿ, ಅದರಲ್ಲಿ ಬಟ್ಟೆ ಮಾತ್ರ ಇರಲಿ. ಊಟಕ್ಕೆ ನಿಲ್ಲಿಸಿದಾಗ ಕಾಗದಪತ್ರ, ಹಣ, ಮೊಬೈಲ್ ಸೀಟಿನ ಮೇಲೆ ಬಿಟ್ಟು ಇಳಿಯಬೇಡಿ.

ಇಷ್ಟು ಓದಿದ ಮೇಲೆ ಎಲ್ಲರನ್ನೂ ಕಳ್ಳರಂತೆ ನೋಡಬೇಕೇ ಎಂದು ಕೇಳಬಹುದು. ಬೇಕಾಗಿಲ್ಲ. ನಮ್ಮ ಬಸ್ಸಿನಲ್ಲಿ ಒಂದು ಒಳ್ಳೆಯ ಪದ್ಧತಿ ಇದೆ. ನಿಂತ ಹುಡುಗರ ಬ್ಯಾಗನ್ನು ಕುಳಿತವರು ಕೇಳಿ ಪಡೆದು ತೊಡೆಯ ಮೇಲೆ ಇಟ್ಟುಕೊಳ್ಳುತ್ತಾರೆ. “ತಾ ಬೇ ತಂಗಿ, ಇತ್ತಾಗ ಕೊಡು, ಭಾರ ಆಗಿರತೈತಿ” ಎಂದು ಎಷ್ಟು ಸಲ ಯಾವ ಯಾವ ಊರಿನ ಅಕ್ಕಂದಿರು ನನ್ನ ಬ್ಯಾಗ್ ಇಟ್ಟುಕೊಂಡಿದ್ದಾರೋ ಲೆಕ್ಕವಿಲ್ಲ. ಹಣ ಮತ್ತು ಮೊಬೈಲ್ ನನ್ನ ಒಳಕಿಸೆಯಲ್ಲಿ ಇರುವುದರಿಂದ ನಾನು ಯಾವ ಅನುಮಾನವೂ ಇಲ್ಲದೆ ಬ್ಯಾಗ್ ಕೊಡುತ್ತೇನೆ. ಮುನ್ನೆಚ್ಚರಿಕೆ ಇದ್ದರೆ ಜನರನ್ನು ನಂಬುವುದು ಸುಲಭವಾಗುತ್ತದೆ ಎಂದು ನನಗೆ ತಿಳಿದದ್ದು ಇಲ್ಲಿಂದಲೇ.

4. ವರ್ಗಾಯಿಸುವುದು: ಹೊಣೆ ಯಾರದು?

ಭಾರತೀಯ ಕರಾರು ಅಧಿನಿಯಮ, 1872ರ ಕಲಂ 148ರಲ್ಲಿ ನಿಕ್ಷೇಪದ ವಿಷಯ ಬರುತ್ತದೆ. ಒಂದು ಉದ್ದೇಶಕ್ಕಾಗಿ ನಮ್ಮ ವಸ್ತುವನ್ನು ಇನ್ನೊಬ್ಬರ ವಶಕ್ಕೆ ಕೊಟ್ಟು, ಆ ಉದ್ದೇಶ ಮುಗಿದ ಮೇಲೆ ಮರಳಿ ಪಡೆಯುವ ಒಪ್ಪಂದ ಅದು. ಪಡೆದವರು ತಮ್ಮ ಸ್ವಂತ ವಸ್ತುವಿನಂತೆ ಎಚ್ಚರದಿಂದ ನೋಡಿಕೊಳ್ಳಬೇಕು ಎನ್ನುತ್ತದೆ ಕಲಂ 151. ರೈಲು ನಿಲ್ದಾಣದ ಸಾಮಾನು ಕೊಠಡಿಯಲ್ಲಿ ರಸೀದಿ ಪಡೆದು ಬ್ಯಾಗ್ ಇಟ್ಟರೆ ಹೊಣೆಗೆ ಒಂದು ಕಾಗದ ಇರುತ್ತದೆ. ಬೀಗ ಹಾಕಿದ ಸಾಮಾನನ್ನು ಮಾತ್ರ ಅವರು ತೆಗೆದುಕೊಳ್ಳುತ್ತಾರೆ. ಪಕ್ಕದಲ್ಲಿ ನಿಂತವರಿಗೆ “ಸ್ವಲ್ಪ ನೋಡ್ಕೋರಿ” ಎಂದು ಬಿಟ್ಟು ಹೋದರೆ ರಸೀದಿಯೂ ಇಲ್ಲ, ಅವರ ಹೆಸರೂ ಗೊತ್ತಿಲ್ಲ.

ನಮ್ಮ ಕೈಯಲ್ಲೇ ಇರುವ ಬ್ಯಾಗ್ ರೈಲಿನಲ್ಲಿ ಕಳವಾದರೆ? ರೈಲ್ವೆ ಅಧಿನಿಯಮ, 1989ರ ಕಲಂ 100ರ ಪ್ರಕಾರ, ರಸೀದಿ ಕೊಟ್ಟು ಬುಕ್ ಮಾಡದ, ಪ್ರಯಾಣಿಕರ ವಶದಲ್ಲೇ ಇದ್ದ ಸಾಮಾನಿಗೆ ರೈಲ್ವೆ ಹೊಣೆಯಲ್ಲ. ತನ್ನ ಸಿಬ್ಬಂದಿಯ ನಿರ್ಲಕ್ಷ್ಯ ಅಥವಾ ದುರ್ನಡತೆ ಸಾಬೀತಾದರೆ ಮಾತ್ರ ಹೊಣೆ. 2023ರ ಜೂನ್ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಒಂದು ಪ್ರಕರಣ ತೀರ್ಮಾನಿಸಿತು. ಕಾಶಿ ವಿಶ್ವನಾಥ ಎಕ್ಸ್‌ಪ್ರೆಸ್ಸಿನಲ್ಲಿ ಹೋಗುತ್ತಿದ್ದ ವ್ಯಾಪಾರಿಯೊಬ್ಬರು ಸೊಂಟದ ಪಟ್ಟಿಯಲ್ಲಿ ಕಟ್ಟಿಕೊಂಡಿದ್ದ 1 ಲಕ್ಷ ರೂಪಾಯಿ ಕಳವಾಗಿತ್ತು. ಜಿಲ್ಲೆ, ರಾಜ್ಯ, ರಾಷ್ಟ್ರ ಮೂರೂ ಹಂತದ ಗ್ರಾಹಕ ವೇದಿಕೆಗಳು ಅವರ ಪರ ನಿಂತವು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ಪ್ರಯಾಣಿಕ ತನ್ನ ವಸ್ತುವನ್ನು ತಾನೇ ಕಾಯ್ದುಕೊಳ್ಳದಿದ್ದರೆ ಅದು ರೈಲ್ವೆಯ ಸೇವಾ ನ್ಯೂನತೆ ಆಗುವುದಿಲ್ಲ ಎಂದಿತು. ಸೊಂಟದ ಪಟ್ಟಿಯೊಂದನ್ನೇ ನಂಬಿ ಎಲ್ಲ ಹಣ ಅದರಲ್ಲೇ ಇಡಬಾರದು ಎಂಬುದನ್ನೂ ಈ ಪ್ರಕರಣ ಕಲಿಸುತ್ತದೆ.

ಇನ್ನು ವಿಮೆ. ರೈಲು ಟಿಕೆಟ್ ಆನ್‌ಲೈನಿನಲ್ಲಿ ತೆಗೆಯುವಾಗ ಸಿಗುವ ಕಡಿಮೆ ದರದ ವಿಮೆ ಅಪಘಾತದ ಸಾವು, ಗಾಯಗಳಿಗೆ ಇರುವಂಥದ್ದು, ಬ್ಯಾಗ್ ಕಳವಿಗೆ ಅಲ್ಲ. ಮೊಬೈಲ್ ವಿಮೆ ಮಾಡಿಸುವವರು ಷರತ್ತು ಓದಬೇಕು. ಗಮನವಿಲ್ಲದೆ ಬಿಟ್ಟ ವಸ್ತು ಕಳವಾದರೆ ಹಲವು ಪಾಲಿಸಿಗಳು ಹಣ ಕೊಡುವುದಿಲ್ಲ. ನಷ್ಟ ತಗ್ಗಿಸುವ ತತ್ವ ನಮ್ಮ ಪಾಠದಲ್ಲೇ ಇದೆ: ವಿಮೆ ಇಲ್ಲದವರು ಎಷ್ಟು ಜೋಪಾನ ಮಾಡುತ್ತಾರೋ ವಿಮೆ ಇದ್ದವರೂ ಅಷ್ಟೇ ಜೋಪಾನ ಮಾಡಬೇಕು.

ಕಳವಾಗಿಯೇ ಹೋದರೆ

ಅಳುವ ಮೊದಲು ಮಾಡುವ ಕೆಲಸ ಇವು.

ಒಂದು, ಬೇರೆಯವರ ಮೊಬೈಲ್ ಕೇಳಿ ಪಡೆದು ಮನೆಗೆ ತಿಳಿಸಿ, ಸಿಮ್ ಬ್ಲಾಕ್ ಮಾಡಿಸಿ, ಬ್ಯಾಂಕಿಗೆ ಹೇಳಿ ಯುಪಿಐ ಮತ್ತು ಕಾರ್ಡ್ ನಿಲ್ಲಿಸಿ. ಖಾತೆಯಿಂದ ಹಣ ಹೋಗಿದ್ದರೆ 1930ಕ್ಕೆ ಕರೆ ಮಾಡಿ. ರಿಸರ್ವ್ ಬ್ಯಾಂಕ್ 2017ರ ಜುಲೈನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ, ನಮ್ಮದಾಗಲಿ ಬ್ಯಾಂಕಿನದಾಗಲಿ ತಪ್ಪಿಲ್ಲದೆ ಮೂರನೆಯವರಿಂದ ನಡೆದ ಅಕ್ರಮ ವಹಿವಾಟನ್ನು 3 ಕೆಲಸದ ದಿನಗಳೊಳಗೆ ತಿಳಿಸಿದರೆ ನಮ್ಮ ಹೊಣೆ ಶೂನ್ಯ. ನಾವೇ ಪಿನ್ ಹೇಳಿಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದೇ. ಮೊಬೈಲ್ ಕವರಿನ ಹಿಂದೆ ಪಿನ್ ಬರೆದ ಚೀಟಿ ಇಡುವವರು ಇದನ್ನು ನೆನಪಿಡಿ.

ಎರಡು, ದೂರು ಕೊಡಿ. ರೈಲಿನಲ್ಲಿ 139, ಬೇರೆಡೆ 112. ಚಲಿಸುವ ರೈಲಿನಿಂದ ಇಳಿಯಬೇಕಾಗಿಲ್ಲ, ಟಿಟಿಇ ಅಥವಾ ರೈಲ್ವೆ ಪೊಲೀಸರ ಬಳಿ ದೂರಿನ ಅರ್ಜಿ ಇರುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 173ರ ಪ್ರಕಾರ, ಕಳವು ಯಾವ ಠಾಣೆಯ ಹದ್ದಿನಲ್ಲೇ ಆಗಿರಲಿ, ಯಾವ ಠಾಣೆಯಲ್ಲಾದರೂ ಮಾಹಿತಿ ಕೊಡಬಹುದು. ಎಫ್‌ಐಆರ್ ಪ್ರತಿಯನ್ನು ಹಣ ಕೊಡದೆ ಪಡೆಯುವುದು ನಮ್ಮ ಹಕ್ಕು. ಕಳವಾಗಿದ್ದರೆ ಕಳವು ಎಂದೇ ಬರೆಯಿಸಿ, ಕಳೆದುಹೋಗಿದೆ ಎಂದು ಬರೆಯಿಸಬೇಡಿ. ಭಾರತೀಯ ನ್ಯಾಯ ಸಂಹಿತೆಯ ಕಲಂ 303 ಕಳವಿಗೆ, ಕಲಂ 304 ಕಸಿದುಕೊಂಡು ಓಡುವುದಕ್ಕೆ.

ಮೂರು, ಮೊಬೈಲ್ ಬ್ಲಾಕ್ ಮಾಡಿಸಿ. ಪ್ರತಿ ಮೊಬೈಲಿಗೂ ಐಎಂಇಐ ಎಂಬ 15 ಅಂಕಿಗಳ ಸಂಖ್ಯೆ ಇದೆ. *#06# ಒತ್ತಿದರೆ ಕಾಣುತ್ತದೆ. ದೂರಿನ ಪ್ರತಿ ಮತ್ತು ಈ ಸಂಖ್ಯೆ ಇದ್ದರೆ ಕೇಂದ್ರ ಸರ್ಕಾರದ ಸಂಚಾರ್ ಸಾಥಿ ಜಾಲತಾಣದಲ್ಲಿ, ಸಿಇಐಆರ್ ವಿಭಾಗದ ಮೂಲಕ, ಆ ಮೊಬೈಲ್ ದೇಶದಲ್ಲಿ ಎಲ್ಲೂ ಬಳಸಲಾಗದಂತೆ ಮಾಡಬಹುದು. ಮರಳಿ ಸಿಕ್ಕರೆ ಮತ್ತೆ ತೆರೆಸಬಹುದು.

ಇದರ ಇನ್ನೊಂದು ಬದಿಯೂ ಇದೆ. ಬಿಲ್ ಇಲ್ಲದ ಮೊಬೈಲ್ ಅಗ್ಗಕ್ಕೆ ಸಿಗುತ್ತದೆ ಎಂದು ಕೊಳ್ಳಬೇಡಿ. ಕಳವಿನ ಮಾಲು ಎಂದು ತಿಳಿದೂ ಅಥವಾ ತಿಳಿಯಲು ಕಾರಣವಿದ್ದೂ ಪಡೆಯುವುದು ಕಲಂ 317ರ ಅಡಿ ಅಪರಾಧ. ಕೊಳ್ಳುವವರು ಇಲ್ಲದಿದ್ದರೆ ಕದಿಯುವವರಿಗೆ ಲಾಭವೂ ಇಲ್ಲ.

ಮನೆಯವರಿಗೆ ಒಂದು ಮಾತು

ಈ ಪತ್ರಿಕೆ ಮನೆಗೂ ಹೋಗುತ್ತದೆ, ಅಬ್ಬಾ ಅಮ್ಮಿ ಕೂಡ ಓದಿಸಿ ಕೇಳುತ್ತಾರೆ. ಅದಕ್ಕೆ ಈ ಭಾಗ ಅವರಿಗಾಗಿ.

ಬಬಲೇಶ್ವರ ಕಡೆಯಿಂದ ಬರುವ ನನ್ನ ಸಹಪಾಠಿಯೊಬ್ಬಳು ಹೆಸರು ಹಾಕದೆ ಬರೆ ಎಂದು ಒಪ್ಪಿದ್ದಾಳೆ. ಒಂದು ಸಂಜೆ ಬಸ್ ಹತ್ತುವ ನೂಕಾಟದಲ್ಲಿ ಅವಳ ಮೊಬೈಲ್ ಹೋಯಿತು. ಮನೆಯಲ್ಲಿ ಅವಳು ಎರಡು ದಿನ ಹೇಳಲಿಲ್ಲ. ಕೆಟ್ಟಿದೆ, ಗೆಳತಿಯ ಹತ್ತಿರ ಬಿಟ್ಟಿದ್ದೇನೆ ಎಂದಳು. ಹೊಡೆಯುತ್ತಾರೆ ಎಂಬ ಹೆದರಿಕೆ ಅವಳಿಗೆ ಇರಲಿಲ್ಲ, ಕಾಲೇಜು ಬಿಡಿಸುತ್ತಾರೆ ಎಂಬ ಹೆದರಿಕೆ ಇತ್ತು. ಮೂರನೆಯ ದಿನ ಗೊತ್ತಾದಾಗ ಹಾಗೆಯೇ ಆಯಿತು. ಅವಳ ಅಬ್ಬಾ ಬೈಯಲಿಲ್ಲ. “ಬಸ್, ಅಬ್ ಘರ್‌ಮೇಚ್ ಪಢ್” ಎಂದರು, ಸಾಕು, ಇನ್ನು ಮನೆಯಲ್ಲೇ ಓದು ಎಂದು. ಅವಳ ಖಾಲಾ ಮತ್ತು ನಮ್ಮ ಮೇಡಂ ಮಾತಾಡಿದ ಮೇಲೆ ಒಂಬತ್ತು ದಿನ ಬಿಟ್ಟು ಅವಳು ತರಗತಿಗೆ ಬಂದಳು.

ಲೆಕ್ಕ ಹಾಕಿ ನೋಡಿ. ಮೊಬೈಲಿನ ಬೆಲೆ ಮತ್ತೆ ಗಳಿಸಬಹುದು. ಎರಡು ದಿನ ಸಿಮ್ ತೆರೆದೇ ಇತ್ತು, ದೂರು ಇರಲಿಲ್ಲ. ಹುಡುಕುವುದಕ್ಕೆ ಎಲ್ಲಕ್ಕಿಂತ ಬೇಕಾಗಿದ್ದ ಮೊದಲ ಗಂಟೆಗಳು ಹೋದವು. ಅದರ ಮೇಲೆ ಒಂಬತ್ತು ದಿನದ ಪಾಠ ಹೋಯಿತು. ಕಳ್ಳ ಒಯ್ದದ್ದು ಮೊಬೈಲ್ ಮಾತ್ರ, ಉಳಿದದ್ದೆಲ್ಲ ಹೆದರಿಕೆಯಿಂದ ಹೋಯಿತು.

ನಮ್ಮಂಥ ಹುಡುಗಿಯರಿಗೆ ಒಬ್ಬರೇ ಬಸ್ ಹತ್ತುವ ಅನುಮತಿ ಸುಲಭವಾಗಿ ಸಿಕ್ಕಿದ್ದಲ್ಲ. ಬ್ಯಾಗಿನಲ್ಲಿರುವ ಎಲ್ಲಕ್ಕಿಂತ ಬೆಲೆಬಾಳುವುದು ಅದೇ. ಅದನ್ನು ಕಾಯಲೆಂದೇ ಕಿಸೆ ಹೊಲಿಸಿಕೊಂಡಿದ್ದೇವೆ, ನಂಬರ್ ಬಾಯಿಪಾಠ ಮಾಡಿದ್ದೇವೆ. ಇಷ್ಟಾದರೂ ಒಂದು ದಿನ ಕಳವಾಗಬಹುದು. ಅಂದು ನಾವು ಮೊದಲ ಫೋನ್ ನಿಮಗೇ ಮಾಡುವಂತೆ ಇರಬೇಕು. ಕಳವಾಯಿತು ಎಂದು ಹೇಳಿದರೆ ಕಾಲೇಜು ನಿಲ್ಲುವುದಿಲ್ಲ ಎಂದು ಇವತ್ತೇ ನಮಗೆ ಮಾತು ಕೊಡಿ. ಆ ಮಾತು ಯಾವ ಬೀಗಕ್ಕಿಂತಲೂ ಗಟ್ಟಿ.

ಅಭ್ಯಾಸ: ಇವತ್ತು ರಾತ್ರಿ ಮಾಡುವ ಐದು ಕೆಲಸ

1. *#06# ಒತ್ತಿ ಐಎಂಇಐ ಸಂಖ್ಯೆಯನ್ನು ಮನೆಯ ಒಂದು ಪುಸ್ತಕದಲ್ಲಿ ಬರೆದಿಡಿ. ಮೊಬೈಲ್ ಬಿಲ್ ಅದರಲ್ಲೇ ಇಡಿ.

2. ಬ್ಯಾಗ್ ಖಾಲಿ ಮಾಡಿ, ಒಳಗಿರುವುದನ್ನೆಲ್ಲ ಪಟ್ಟಿ ಮಾಡಿ. ಪ್ರತಿಯೊಂದರ ಮುಂದೆ “ನಾಳೆ ಬೇಕೇ?” ಎಂದು ಕೇಳಿ. ಬೇಡದ್ದು ಮನೆಯಲ್ಲಿರಲಿ.

3. ಬಸ್ ಪಾಸ್, ಕಾಲೇಜು ಗುರುತಿನ ಚೀಟಿ, ಆಧಾರ್ ಇವುಗಳ ಎರಡೂ ಬದಿಯ ಫೋಟೊ ತೆಗೆದು ಮನೆಯವರ ಮೊಬೈಲಿನಲ್ಲಿ ಇರಿಸಿ.

4. ಬ್ಯಾಗಿನ ಒಳಗೆ ನಿಮ್ಮ ಹೆಸರು ಮತ್ತು ಮನೆಯವರ ಒಂದು ಫೋನ್ ನಂಬರ್ ಬರೆದ ಚೀಟಿ ಅಂಟಿಸಿ. ಸಿಕ್ಕವರು ಪ್ರಾಮಾಣಿಕರಾಗಿದ್ದರೆ ಮರಳಿಸಲು ದಾರಿ ಇರಬೇಕು.

5. ಒಳಕಿಸೆ ಇಲ್ಲದಿದ್ದರೆ ಸೂಜಿ ದಾರ ತೆಗೆದುಕೊಂಡು ಕೂರಿ. ನನ್ನ ಅಮ್ಮಿಗೆ ಒಂದು ಕಿಸೆಗೆ ಹಿಡಿದದ್ದು ಅರ್ಧ ಗಂಟೆ.